ಮೂರು ಗ್ರಾಂ ಝಿಂಕ್ ನೈಟ್ರೇಟ್, ಒಂದು ಗ್ರಾಂ ಯೂರಿಯಾ: ಮನೆಯಲ್ಲಲ್ಲ, ಲ್ಯಾಬಲ್ಲಿ

ಎಂಎಸ್ಸಿ ಪ್ರಾಜೆಕ್ಟಿಗೆ ಫೋಟೋಕ್ಯಾಟಲಿಸ್ಟ್ (ಬೆಳಕು ಬಿದ್ರೆ ರಾಸಾಯನಿಕ ಕ್ರಿಯೆ ಚುರುಕು ಮಾಡೋ ಪುಡಿ) ಮಾಡ್ಬೇಕು, ಆಟೋಕ್ಲೇವ್ (ಒತ್ತಡದಲ್ಲಿ ಬಿಸಿ ಮಾಡೋ ಮುಚ್ಚಿದ ಪಾತ್ರೆ) ಇಲ್ಲ, ಟೈಮೂ ಇಲ್ಲ ಅನ್ನೋರು ಕಂಬಶ್ಚನ್, ಅಂದ್ರೆ ಉರಿಸಿ ಮಾಡೋ ಪದ್ಧತಿ, ಹಿಡೀರಿ. ನಮ್ಮ ಬೆಂಗಳೂರಿಂದೇ ಪದ್ಧತಿ ಇದು, 1988ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಐಐಎಸ್‌ಸಿ) ಕಿಂಗ್ಸ್‌ಲಿ ಮತ್ತೆ ಪ್ರೊ. ಕೆ.ಸಿ. ಪಾಟೀಲ್ ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಸೇರಿಸಿ 500 ಡಿಗ್ರಿ ಫರ್ನೇಸಲ್ಲಿಟ್ಟು ಐದು ನಿಮಿಷದೊಳಗೆ ಅಲ್ಯೂಮಿನಾ ತೆಗೆದಿದ್ರು.

ನಾವು ಝಿಂಕ್ ಆಕ್ಸೈಡ್ ಮಾಡೋಣ. ನೈಟ್ರೇಟ್ ಉರಿಯೋಕೆ ಆಕ್ಸಿಜನ್ ಕೊಡುತ್ತೆ, ಯೂರಿಯಾ ಇಂಧನ, ಎರಡರ ವೇಲೆನ್ಸಿ ಮೊತ್ತ ಸರಿದೂಗ್ಬೇಕು. ಝಿಂಕ್ ನೈಟ್ರೇಟಿನ ಲೆಕ್ಕ ಮೈನಸ್ 10, ಯೂರಿಯಾದ್ದು ಪ್ಲಸ್ 6, ಅಂದ್ರೆ ಒಂದು ಮೋಲಿಗೆ 1.67 ಮೋಲ್ ಯೂರಿಯಾ. ತೂಕದಲ್ಲಿ 2.97 ಗ್ರಾಂ ಹೆಕ್ಸಾಹೈಡ್ರೇಟಿಗೆ (ಆರು ನೀರಿನ ಅಣು ಸೇರಿರೋ ಝಿಂಕ್ ನೈಟ್ರೇಟಿಗೆ) ಸುಮಾರು 1 ಗ್ರಾಂ. ಮಳೆಗಾಲದಲ್ಲಿ ಬಾಟಲ್ ಮುಚ್ಚಳ ತೆಗೆದಿಟ್ಟು ಕಾಫಿಗೆ ಹೋಗ್ಬೇಡಿ, ನೈಟ್ರೇಟ್ ತೇವ ಎಳ್ಕೊಂಡು ಬೆಲ್ಲದ ಥರ ಅಂಟಂಟಾಗುತ್ತೆ, ಆಮೇಲೆ ನೀವು ತೂಗೋದು ನೀರು.

ಎರಡನ್ನೂ ಸ್ವಲ್ಪವೇ ನೀರಲ್ಲಿ ಕರಗಿಸಿ, 300 ಎಂಎಲ್ ಸಿಲಿಕಾ ಡಿಶ್ಶಲ್ಲಿ ಹಾಕಿ (ಚಿಕ್ಕದು ಬೇಡ, ಹಾಲು ಉಕ್ಕಿದ ಹಾಗೆ ಉಕ್ಕುತ್ತೆ), ಮೊದಲೇ 500ಕ್ಕೆ ಕಾದಿರೋ ಫರ್ನೇಸೊಳಗೆ ಇಡಿ. ಫರ್ನೇಸ್ ಫ್ಯೂಮ್ ಹುಡ್ಡಲ್ಲೇ ಇರ್ಬೇಕು, ಕಂದು ಹೊಗೆ ಬರುತ್ತೆ, ಅದು ವಿಷ. ನೀರು ಆವಿಯಾಗಿ ನೊರೆ ಎದ್ದು ಒಂದು ಮೂಲೆಯಿಂದ ಕಿಡಿ ಹತ್ತಿ ಸರ್ರಂತ ಇನ್ನೊಂದು ಕಡೆ ಓಡುತ್ತೆ, ಅಷ್ಟೇ. ಬಿಸಿಬಿಸಿ ಹೊರಗೆ ತೆಗೆದಾಗ ಪುಡಿ ಹಳದಿ ಇರುತ್ತೆ. ಮೊದಲ ಸಲ ನಾನು ಕೆಟ್ಟೋಯ್ತು ಅನ್ಕೊಂಡು ಎಸೆದುಬಿಟ್ಟೆ, ಆರಿದ್ಮೇಲೆ ಬೆಳ್ಳಗಾಗುತ್ತೆ ಅಂತ ಯಾರೂ ಹೇಳಿರ್ಲಿಲ್ಲ! ಆರಿದ್ಮೇಲೂ ಬೂದು ಬಣ್ಣ ಇದ್ರೆ ಕಾರ್ಬನ್ ಉಳ್ದಿದೆ, ಅದೇ 500ರಲ್ಲಿ ಇನ್ನೊಂದು ಗಂಟೆ ಇಡಿ. ಸಿಗೋದು ಮುಕ್ಕಾಲು ಗ್ರಾಂ ಚಿಲ್ಲರೆ.

ಎಕ್ಸ್‌ಆರ್‌ಡಿಗೆ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡೋ ಟೆಸ್ಟಿಗೆ) ಕೊಡಿ, ಝಿಂಕ್ ಆಕ್ಸೈಡ್ ಆಗಿದ್ರೆ 31.8, 34.4, 36.3 ಡಿಗ್ರಿಲಿ ಪೀಕ್ ಬರ್ಬೇಕು. ಹರಳಿನ ಗಾತ್ರ ಲೆಕ್ಕ ಹಾಕೋ ಶೆರರ್ ಫಾರ್ಮುಲಾದಲ್ಲಿ ಪೀಕ್ ಅಗಲನ ರೇಡಿಯನ್ನಿಗೆ ತಿರುಗಿಸೋದು ಮರೀಬೇಡಿ.

ಎಲ್ಲರೂ ಎಡವೋದು ಡೈ ಟೆಸ್ಟಲ್ಲಿ, ಅಂದ್ರೆ ಬೆಳಕಲ್ಲಿ ಪುಡಿ ಬಣ್ಣದ ಡೈನ ಎಷ್ಟು ಬೇಗ ಒಡೆಯುತ್ತೆ ಅಂತ ನೋಡೋದ್ರಲ್ಲಿ. 100 ಎಂಎಲ್ ಮಿಥಿಲೀನ್ ಬ್ಲೂ, ಲೀಟರಿಗೆ 10 ಮಿಲಿಗ್ರಾಂ, ಅದಕ್ಕೆ 100 ಮಿಲಿಗ್ರಾಂ ಪುಡಿ. ಲೈಟ್ ಹಾಕೋ ಮುಂಚೆ ಅರ್ಧ ಗಂಟೆ ಕತ್ತಲಲ್ಲಿ ಕಲಕ್ತಾ ಇರಿ, ಯಾಕಂದ್ರೆ ಡೈ ಸುಮ್ನೆ ಪುಡಿಗೆ ಅಂಟ್ಕೊಂಡೂ ಬಣ್ಣ ಇಳಿಯುತ್ತೆ, ಅದನ್ನೂ ಕ್ಯಾಟಲಿಸಿಸ್ ಅಂತ ಗ್ರಾಫ್ ಹಾಕಿರೋರ್ನ ನೋಡಿದೀನಿ. ಆಮೇಲೆ ಯುವಿ ಲ್ಯಾಂಪ್, ಕಣ್ಣಿಗೆ ಗಾಗಲ್ಸ್, 15 ನಿಮಿಷಕ್ಕೊಮ್ಮೆ 4 ಎಂಎಲ್ ತೆಗೆದು ಸೆಂಟ್ರಿಫ್ಯೂಜ್ ಮಾಡಿ 664 ನ್ಯಾನೋಮೀಟರಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ರೀಡಿಂಗ್ (ಉಳಿದಿರೋ ಡೈ ಎಷ್ಟು ಬೆಳಕು ಹೀರುತ್ತೆ ಅಂತ). ಪುಡಿ ಪೂರ್ತಿ ತಳಕ್ಕೆ ಕೂರದಿದ್ರೆ ಬೆಳಕು ಚದುರಿ ರೀಡಿಂಗ್ ಜಾಸ್ತಿ ತೋರ್ಸುತ್ತೆ. ಬರೀ ಬೆಳಕಿಗೇ ಎಷ್ಟು ಬಣ್ಣ ಇಳಿಯುತ್ತೆ ಅಂತ ಗೊತ್ತಾಗೋಕೆ ಪುಡಿ ಇಲ್ದೆ ಬರೀ ಡೈಗೂ ಒಂದು ಸಲ ಲೈಟ್ ಹಾಕಿ ನೋಡಿ.

ಟೆರೇಸ್ ಬಿಸಿಲಲ್ಲಿ ಮಾಡಿದ್ರೆ ಆಗಲ್ವಾ ಅಂತಾರೆ. ಆಗುತ್ತೆ, ಆದ್ರೆ ಜೂನ್ ಮೋಡದಲ್ಲಿ ಇವತ್ತಿನ ರೀಡಿಂಗ್ ನಾಳೆದಕ್ಕೆ ಹೋಲ್ಸೋಕಾಗಲ್ಲ. ಜೊತೆಗೆ ಝಿಂಕ್ ಆಕ್ಸೈಡಿಗೆ ಕೆಲಸ ಮಾಡೋಕೆ ಸುಮಾರು 3.3 ಇವಿ (ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಬೆಳಕು ಬೇಕು, ಅಂದ್ರೆ ಯುವಿನೇ. ಮಾಮೂಲಿ ಬೆಳಕನ್ನ ಹೀರೋದು ಡೈ, ಅದೇ ಪುಡಿಗೆ ಎಲೆಕ್ಟ್ರಾನ್ ದಾಟಿಸಿ ತಾನೂ ಹಾಳಾಗ್ಬಹುದು. ಹಾಗಾಗಿ ಕೆಲಸ ಮಾಡಿದ್ದು ಪುಡಿನೇನಾ ಅಂತ ಗೈಡ್ ಕೇಳಿದ್ರೆ, ಮಾಮೂಲಿ ಬೆಳಕು ಹೀರದ, ಬಣ್ಣ ಇಲ್ಲದ ಫೀನಾಲ್ ಮೇಲೂ ಒಂದು ಸಲ ಮಾಡಿ ತೋರ್ಸಿ.