ಚತುರ್ಭುಜವನ್ನು ಎಳೆದು ನೋಡಿ: ಜಿಯೋಜಿಬ್ರದಲ್ಲಿ ಒಂದು ಪ್ರಯೋಗ

ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲು ಮಕ್ಕಳಿಗೆ ಜಿಯೋಜಿಬ್ರ ಹೊಸದಲ್ಲ. ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರೂಪಿಸತೊಡಗಿದ ಈ ಗಣಿತ ತಂತ್ರಾಂಶ ಕೇರಳದ ಶಾಲೆಗಳ ಐ.ಟಿ. ಪಾಠದಲ್ಲಿಯೂ ಇದೆ, ಕೇರಳ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಒದಗಿಸುವ ಲಿನಕ್ಸ್ ವ್ಯವಸ್ಥೆಯಲ್ಲಿಯೂ ಇದೆ. ಆದರೆ ಪುಸ್ತಕದ ಚಿತ್ರವನ್ನು ತೆರೆಯ ಮೇಲೆ ನಕಲು ಮಾಡುವಲ್ಲಿಗೇ ಬಳಕೆ ನಿಂತರೆ ಅದರ ನಿಜವಾದ ಪ್ರಯೋಜನ ಕೈತಪ್ಪುತ್ತದೆ. ಆಕೃತಿಯನ್ನು ಎಳೆದಾಗ ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂಬುದನ್ನು ಮಕ್ಕಳೇ ಹುಡುಕಬೇಕು.

ಮೊದಲು ಪಾಲಿಗಾನ್ ಉಪಕರಣವನ್ನು ಆರಿಸಿ, ನಾಲ್ಕು ಕಡೆ ಕ್ಲಿಕ್ ಮಾಡಿ, ಆರಂಭದ ಬಿಂದುವನ್ನು ಮತ್ತೊಮ್ಮೆ ಒತ್ತಿ ಚತುರ್ಭುಜವನ್ನು ಮುಚ್ಚಿರಿ. ಗುಡ್ಡದ ಇಳಿಜಾರಿನ ಅಡಿಕೆ ತೋಟದ ಗಡಿಯಂತೆ ಅದು ಅಂಕುಡೊಂಕಾಗಿದ್ದಷ್ಟೂ ಒಳ್ಳೆಯದು. ಬಳಿಕ ಮಿಡ್‌ಪಾಯಿಂಟ್ ಉಪಕರಣದಿಂದ ಪ್ರತಿ ಬಾಹುವಿನ ಮಧ್ಯಬಿಂದುವನ್ನು ಗುರುತಿಸಿ, ಆ ನಾಲ್ಕನ್ನು ಕ್ರಮವಾಗಿ ಸೇರಿಸಿ ಒಳಗೊಂದು ಚತುರ್ಭುಜ ರಚಿಸಿರಿ. ಕಣ್ಣಳತೆಯಲ್ಲಿ ಬಿಂದು ಇಡಲೇಬಾರದು. ಹಾಗೆ ಇಟ್ಟ ಬಿಂದು ಸರಿಯಾಗಿ ಮಧ್ಯದಲ್ಲಿರುವ ಭರವಸೆಯಿಲ್ಲ, ಉಪಕರಣ ಕೊಟ್ಟ ಬಿಂದು ಶೃಂಗವನ್ನು (ಮೂಲೆಯನ್ನು) ಎಳೆದಾಗಲೂ ಬಾಹುವಿನ ಮಧ್ಯದಲ್ಲಿಯೇ ಉಳಿಯುತ್ತದೆ.

ಈಗ ಮೂವ್ ಉಪಕರಣದಿಂದ ಹೊರಗಿನ ಯಾವುದಾದರೂ ಶೃಂಗವನ್ನು ಎಳೆಯಿರಿ. ಹೊರಗಿನದು ಹೇಗೆ ಸೊಟ್ಟಗಾದರೂ ಒಳಗಿನದು ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಒಂದು ಶೃಂಗವನ್ನು ಒಳಕ್ಕೆ ತಳ್ಳಿ ತಗ್ಗು ಮಾಡಿದರೂ ಅಷ್ಟೇ. ಏರಿಯಾ ಉಪಕರಣದಿಂದ ಎರಡರ ವಿಸ್ತೀರ್ಣವನ್ನೂ ತೋರಿಸಿದರೆ ಒಳಗಿನದು ಹೊರಗಿನದರ ಸರಿಯಾಗಿ ಅರ್ಧ. ಕೊನೆಯ ಅಂಕಿಯಲ್ಲಿ ಕೆಲವೊಮ್ಮೆ ಕಾಣುವ ಸಣ್ಣ ವ್ಯತ್ಯಾಸ ದಶಮಾಂಶವನ್ನು ಎರಡು ಸ್ಥಾನಕ್ಕೆ ಇಳಿಸಿದ್ದರಿಂದ ಬಂದದ್ದು. ಸೆಟ್ಟಿಂಗ್ಸ್‌ನಲ್ಲಿ ಸ್ಥಾನಗಳನ್ನು ಹೆಚ್ಚಿಸಿ ಪರೀಕ್ಷಿಸಬಹುದು.

ಎಷ್ಟು ಸಲ ಎಳೆದರೂ ಅದು ಗಣಿತದ ಸಾಧನೆ, ಅಂದರೆ ಪುರಾವೆ, ಆಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಇಲ್ಲಿಯೇ ಹೇಳಬೇಕು. ಹೊರಗಿನ ಚತುರ್ಭುಜಕ್ಕೆ ಒಂದು ಕರ್ಣವನ್ನು ಎಳೆದರೆ ಎರಡು ತ್ರಿಭುಜಗಳಾಗುತ್ತವೆ. ಮಧ್ಯಬಿಂದು ಪ್ರಮೇಯದಂತೆ, ಒಂದೊಂದು ತ್ರಿಭುಜದಲ್ಲಿಯೂ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ರೇಖೆ ಆ ಕರ್ಣಕ್ಕೆ ಸಮಾಂತರವಾಗಿದ್ದು ಅದರ ಅರ್ಧದಷ್ಟಿರುತ್ತದೆ. ಹೀಗಾಗಿ ಒಳಗಿನ ಎರಡು ಎದುರು ಬಾಹುಗಳು ಸಮಾನವೂ ಸಮಾಂತರವೂ ಆಗಲೇಬೇಕು. ಒಳಗಿನದು ಸದಾ ಸಮಾಂತರ ಚತುರ್ಭುಜ ಎಂಬ, ಫ್ರಾನ್ಸಿನ ಗಣಿತಜ್ಞ ಪಿಯೆರ್ ವಾರಿನ್ಯೋ ಅವರ ಹೆಸರಿನ ಈ ಪ್ರಮೇಯ, ಅವರು ತೀರಿಕೊಂಡು ಒಂಬತ್ತು ವರ್ಷಗಳ ಬಳಿಕ, 1731ರಲ್ಲಿ ಅಚ್ಚಾಯಿತು.

ಎರಡನೆಯ ಕರ್ಣವನ್ನೂ ಎಳೆದು, ಕರ್ಣಗಳ ನಡುವಿನ ಕೋನವನ್ನು ಅಳೆಯುತ್ತ ಶೃಂಗವನ್ನು ಸರಿಸಿರಿ. ಆ ಕೋನ 90 ಡಿಗ್ರಿಯಾದಾಗ ಒಳಗಿನದು ಆಯತವಾಗುತ್ತದೆ. ಅದು ವಜ್ರಾಕೃತಿಯಾಗಲು ಕರ್ಣಗಳು ಹೇಗಿರಬೇಕು ಎಂಬುದನ್ನು ಮಕ್ಕಳೇ ಎಳೆದು ಕಂಡುಕೊಳ್ಳಲಿ.