ಬಾಂಡ್ ಪೇಪರ್ ಮೇಲೆ ಡೈವೋರ್ಸ್ ಆಗುವುದಿಲ್ಲ, ಹಾಗಾದರೆ ಹೇಗೆ?

“ಬಾಂಡ್ ಪೇಪರ್ ಮೇಲೆ ಬರೆದಿದ್ದೇವೆ, ಹಿರಿಯರ ಮುಂದೆ ಇಬ್ಬರೂ ಸಹಿ ಹಾಕಿದ್ದೇವೆ, ನೋಟರಿ ಸೀಲೂ ಬಿದ್ದಿದೆ. ಡೈವೋರ್ಸ್ ಆಯ್ತಲ್ವಾ?”

ಆಗಿಲ್ಲ. ನೋಟರಿಗೆ ಮದುವೆ ಮುರಿಯುವ ಅಧಿಕಾರ ಇಲ್ಲ, ಪಂಚಾಯಿತಿ ಹಿರಿಯರಿಗೂ ಇಲ್ಲ. ಕೆಲವು ಸಮುದಾಯಗಳಲ್ಲಿ ರೂಢಿಯ ಬಿಡುಗಡೆ ಇದೆ, ಕಾನೂನು ಅದಕ್ಕೆ ಜಾಗ ಬಿಟ್ಟಿದೆ, ಆದರೆ ಆ ರೂಢಿ ನಿಜವಾಗಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆ ಕಾಗದವನ್ನು ನಂಬಿ ಇನ್ನೊಂದು ಮದುವೆಯಾದರೆ ಅದು ಅಸಿಂಧು, ಮೇಲೆ ಕ್ರಿಮಿನಲ್ ಕೇಸು ಬೇರೆ.

ಸರಿಯಾದ ದಾರಿ ಯಾವುದು ನೋಡೋಣ. ಇಲ್ಲಿ ಹೇಳುವುದು ಮುಖ್ಯವಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಬಗ್ಗೆ. ರಿಜಿಸ್ಟರ್ ಮದುವೆಯವರ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ದಾರಿ ಹೆಚ್ಚುಕಮ್ಮಿ ಇದೇ. ಮುಸ್ಲಿಮರಿಗೆ, ಕ್ರೈಸ್ತರಿಗೆ ವಿಚ್ಛೇದನದ ಕಾನೂನು ಬೇರೆ.

ಮೊದಲು ದಿನ ಲೆಕ್ಕ ಹಾಕಿ. ಇಬ್ಬರೂ ಒಪ್ಪಿ ಬಿಡುಗಡೆ ಕೇಳಬೇಕಾದರೆ ಅರ್ಜಿ ಹಾಕುವ ಹೊತ್ತಿಗೆ ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಬೇರೆ ಮನೆಯೇ ಆಗಬೇಕೆಂದಿಲ್ಲ, ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿರಲಿಲ್ಲ ಎಂದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಆಮೇಲಿನದೇ ದೊಡ್ಡ ಕೆಲಸ: ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಒಪ್ಪಂದ ಬರೆಯುವುದು. ಇದಕ್ಕೆ ಎಷ್ಟು ದಿನ ಹಿಡಿದರೂ ಪರವಾಗಿಲ್ಲ. ಒಡವೆ, ಪಾತ್ರೆ, ಬೈಕು, ಜಂಟಿ ಸಾಲ ಎಲ್ಲವೂ ಪಟ್ಟಿಗೆ ಬರಲಿ. ತವರಿನವರು ಹೆಣ್ಣಿಗೆ ಕೊಟ್ಟ ಚಿನ್ನ ಸ್ತ್ರೀಧನ, ಅದು ಅವಳದೇ, ಅದರಲ್ಲಿ ಚೌಕಾಸಿ ಇಲ್ಲ. ತಿಂಗಳ ಲೆಕ್ಕದಲ್ಲಲ್ಲದೆ ಇಡಿಗಂಟಾಗಿ ಕೊಡುವ ಮೊತ್ತವಿದ್ದರೆ ಅರ್ಧ ಅರ್ಜಿ ಹಾಕುವಾಗ, ಉಳಿದದ್ದು ಕೊನೆಯ ವಾಯಿದೆಯ ದಿನ ಡಿಡಿ ರೂಪದಲ್ಲಿ ಎಂದು ಬರೆಸಿ. ಯಾಕೆಂದರೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ವಿಚ್ಛೇದನ ಆದೇಶ, ಆಗುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಎಲ್ಲ ಹಣ ಮೊದಲೇ ಕೊಟ್ಟವರೂ ಒದ್ದಾಡುತ್ತಾರೆ, ಏನೂ ಪಡೆಯದೆ ಸಹಿ ಹಾಕಿದವರೂ ಒದ್ದಾಡುತ್ತಾರೆ.

ಮಗು ಇದ್ದರೆ ಇನ್ನೂ ನಿಧಾನಿಸಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯೇ ಹೇಳುತ್ತದೆ. ಐದು ತುಂಬಿದ ಮರುದಿನ ಮಗು ಅಪ್ಪನ ಪಾಲು ಎಂದುಕೊಂಡವರಿದ್ದಾರೆ, ಹಾಗೇನಿಲ್ಲ. ಜಡ್ಜ್ ನೋಡುವುದು ಮಗುವಿಗೆ ಎಲ್ಲಿ ಒಳ್ಳೆಯದು ಎಂಬುದನ್ನು ಮಾತ್ರ. ಯಾರಿಗೆ ಸಂಬಳ ಜಾಸ್ತಿ ಎಂಬುದೊಂದೇ ಕೆಲಸಕ್ಕೆ ಬರುವುದಿಲ್ಲ. ಸ್ವಲ್ಪ ತಿಳಿವಳಿಕೆ ಬಂದ ಮಗುವಾದರೆ ಚೇಂಬರಿಗೆ ಕರೆದು ಅದನ್ನೇ ಮಾತಾಡಿಸುತ್ತಾರೆ.

ಒಪ್ಪಂದದಲ್ಲಿ “ತಂದೆ ಆಗಾಗ ಮಗುವನ್ನು ನೋಡಬಹುದು” ಎಂದಷ್ಟೇ ಬರೆದರೆ ಮುಂದಿನ ಜಗಳಕ್ಕೆ ಈಗಲೇ ವೀಳ್ಯ ಕೊಟ್ಟಂತೆ. ತಿಂಗಳಲ್ಲಿ ಯಾವ ಶನಿವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕರೆದುಕೊಂಡು ಹೋಗುವವರು ಯಾರು, ವಾಪಸ್ ಬಿಡುವವರು ಯಾರು, ದಸರಾ ರಜೆ ಯಾರ ಮನೆಯಲ್ಲಿ, ಬೇಸಿಗೆ ರಜೆ ಹೇಗೆ ಹಂಚಿಕೆ, ವಿಡಿಯೋ ಕಾಲ್ ಯಾವಾಗ, ಪಾಸ್‌ಪೋರ್ಟ್ ಯಾರ ಬಳಿ, ಶಾಲೆ ಬದಲಿಸಬೇಕಾದರೆ ಯಾರನ್ನು ಕೇಳಬೇಕು, ಇಷ್ಟೂ ಬರೆಯಿರಿ. ಇನ್ನೊಂದು ವಿಷಯ: “ಮಗುವಿನ ಖರ್ಚಿಗೆ ಏನೂ ಕೇಳುವುದಿಲ್ಲ” ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ. ಅದು ಅವಳು ಬಿಟ್ಟುಕೊಡುವಂಥದ್ದಲ್ಲ.

ಈಗ ಅರ್ಜಿ. ಮದುವೆ ನಡೆದ ಊರು, ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಅಥವಾ ಹೆಂಡತಿ ಈಗ ಇರುವ ಊರು, ಎಲ್ಲಿ ಬೇಕಾದರೂ ಹಾಕಬಹುದು. ಲಗ್ನಪತ್ರಿಕೆ, ಮದುವೆ ಫೋಟೊ, ಆಧಾರ್, ಇದ್ದರೆ ನೋಂದಣಿ ಪತ್ರ, ಮಗುವಿನ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ. ಬೆಂಗಳೂರಿನ ಫ್ಯಾಮಿಲಿ ಕೋರ್ಟ್ ಇರುವುದು ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಸಡಿಲಿಕೆ ಕೊಟ್ಟಿತು: ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದರೆ, ರಾಜಿ ಪ್ರಯತ್ನ ಸೋತಿದ್ದರೆ, ಹಣ ಮತ್ತು ಮಗುವಿನ ವಿಷಯ ತೀರ್ಮಾನವಾಗಿದ್ದರೆ ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು. ಒಪ್ಪಂದ ಮೊದಲೇ ಬರೆದಿಟ್ಟವರಿಗೆ ಇಲ್ಲಿ ಲಾಭ.

ಇನ್ನೊಬ್ಬರು ಒಪ್ಪದಿದ್ದರೆ? ಆಗ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿದ್ದು, ಇಂಥ ಕಾರಣ ಸಾಬೀತು ಮಾಡಬೇಕು, ಸುಮ್ನೆ “ಹೊಂದಾಣಿಕೆ ಇಲ್ಲ” ಎಂದರೆ ಸಾಲದು. ವರ್ಷಗಟ್ಟಲೆ ಎಳೆಯುತ್ತದೆ.

ಜೀವನಾಂಶಕ್ಕೆ ಮಾತ್ರ ಡೈವೋರ್ಸ್ ಆಗುವವರೆಗೆ ಕಾಯಬೇಕಾಗಿಲ್ಲ. ಹಿಂದೆ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144ನೇ ಕಲಂ. ಧರ್ಮ ಯಾವುದಾದರೂ ಸರಿ, ಇದು ಎಲ್ಲರಿಗೂ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ ಅದೇ ತಿಂಗಳು ಸ್ಪಷ್ಟ ಮಾಡಿತು. 2020ರ ಇನ್ನೊಂದು ತೀರ್ಪಿನ ನಂತರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಂಬಳ, ಸಾಲದ ಅಫಿಡವಿಟ್ ಕೊಡಲೇಬೇಕು, ಜೀವನಾಂಶವನ್ನೂ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕುತ್ತಾರೆ. ಆದ್ದರಿಂದ ತಡಮಾಡಬೇಡಿ. ಸಂಬಳದ ಕಾಲುಭಾಗ ಸಿಗುತ್ತದೆ ಎನ್ನುವುದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ ಎಂದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುವುದೂ ಇಲ್ಲ.

ಬಾಂಡ್ ಪೇಪರ್ ಮತ್ತೆ ಕಾಡುವುದು ಇಲ್ಲೇ. ಇಬ್ಬರೂ ಒಪ್ಪಿ ಬೇರೆ ಇರುವಾಗ ಈ ಕಲಂನಡಿ ಹೆಂಡತಿಗೆ ಜೀವನಾಂಶ ಇಲ್ಲ. “ನಮ್ಮಿಷ್ಟದಂತೆ ಬೇರೆಯಾಗಿದ್ದೇವೆ” ಎಂದು ಡೈವೋರ್ಸಿಗೆ ಮುಂಚೆ ಸಹಿ ಹಾಕಿಕೊಟ್ಟ ಕಾಗದವನ್ನೇ ಎದುರು ವಕೀಲರು ತೆಗೆದು ಜಡ್ಜ್ ಮುಂದೆ ಇಡುತ್ತಾರೆ.

ಆದೇಶ ಆದರೂ ಕೊಡುತ್ತಿಲ್ಲವೇ? ಬಾಕಿಯಾಗಿ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿ. ಕೊಡದವರನ್ನು ಜೈಲಿಗೂ ಕಳಿಸಬಹುದು, ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಹೆಣ್ಣುಮಕ್ಕಳು ಹಿಂಜರಿಯಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಸಹಾಯವಾಣಿ 15100. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲೂ ಕೇಳಬಹುದು.

ಡಿಕ್ರಿ ಆದ ದಿನ ಖುಷಿಯೋ ಅಳುವೋ, ಏನಾದರೂ ಇರಲಿ, ದೃಢೀಕೃತ ಪ್ರತಿಗೆ ಅರ್ಜಿ ಹಾಕಿಯೇ ಮನೆಗೆ ಹೋಗಿ. ನಾಲ್ಕೈದು ಪ್ರತಿ ತೆಗೆಸಿ. ಪಿಎಫ್, ವಿಮೆ, ಬ್ಯಾಂಕಿನ ನಾಮಿನಿ ಹೆಸರು ತಾನಾಗಿ ಬದಲಾಗುವುದಿಲ್ಲ, ಒಂದೊಂದು ಕಡೆಯೂ ನೀವೇ ಹೋಗಿ ಬದಲಿಸಬೇಕು.