ಗ್ಯಾಸ್ ಫೈರ್ ಪಿಟ್ ಟೇಬಲ್ ತಗಳ್ಳೋ ಮೊದ್ಲು ಅಂಗಳದ ನೀರು ಎಲ್ಲಿಗೆ ಹರೀತದೆ ನೋಡ್ಕಳಿ

ಕಾರವಾರದ ಮಾಜಾಳಿ ಹತ್ರ ನಮ್ಮ ಭಾವ ಸಣ್ಣದೊಂದು ಹೋಮ್‌ಸ್ಟೇ ಮಾಡ್ಕಂಡಿದಾರೆ. ಯಾರೋ ಗೆಸ್ಟ್ ಮೊಬೈಲಲ್ಲಿ ಫೋಟೋ ತೋರ್ಸಿದ್ರು ಅಂತ ನಡುವೆ ಗ್ಯಾಸ್ ಬೆಂಕಿ ಉರಿಯೋ ಟೇಬಲ್ ಒಂದನ್ನ ತರ್ಸಿಬಿಟ್ರು. ನಾವು ಶಿರಸಿ ಕಡೆಯವ್ರು, ಬಚ್ಚಲು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಬೆಂಕಿ ಕಾಯ್ಸಿ ದೊಡ್ಡಾದವ್ರು, ಬೆಂಕಿ ಕಾಯ್ಸೋಕೂ ಟೇಬಲ್ಲಾ ಭಾವ ಅಂತ ನಗಾಡಿದ್ದೆ. ಮುಂದಿನ ಚಳಿಗೆ ನಾನೂ ಒಂದು ತಂದೆ! ಎರಡೂ ಕಡೆ ಆದ ಎಡವಟ್ಟಿಂದ ಕಲ್ತಿದ್ದು ಇಷ್ಟು.

ಟೇಬಲ್ ಆಮೇಲೆ, ಮೊದ್ಲು ಜಾಗ. ಕಟ್ಟಿಗೆ ಹೊಗೆ ಮೇಲೆ ಹೋಗ್ತದೆ, ಎಲ್‌ಪಿಜಿ ಹಾಗಲ್ಲ, ಗಾಳಿಗಿಂತ ಭಾರ, ಲೀಕ್ ಆದ್ರೆ ನೀರಿನ ಹಾಗೆ ನೆಲದ ಮೇಲೆ ಹರ್ಕಂಡು ಹೋಗಿ ತಗ್ಗಲ್ಲಿ ಕೂತ್ಕಳ್ತದೆ. ನಮ್ಮ ಕಡೆ ಮನೆಗಳಲ್ಲಿ ಅಂಗಳ ಜಗಲಿಗಿಂತ ಎರಡು ಮೆಟ್ಲು ಕೆಳಗೆ, ಒಂದು ಮೂಲೇಲಿ ಚರಂಡಿ, ಆಚೆ ಬಾವಿ. ಅದಕ್ಕೇ ಹೇಳ್ತಿರೋದು, ಟೇಬಲ್ ಇಡ್ಬೇಕು ಅಂದ್ಕಂಡ ಜಾಗದಲ್ಲಿ ಒಂದು ಕೊಡ ನೀರು ಚೆಲ್ಲಿ ನೋಡಿ. ನೀರು ಅಲ್ಲೇ ನಿಲ್ತದಾ, ಬಾವಿ ಕಡೆಗೋ ಚರಂಡಿ ಕಡೆಗೋ ಹೋಗ್ತದಾ, ಹಾಗಾದ್ರೆ ಆ ಜಾಗ ಬೇಡ. ನಾಲ್ಕೂ ಕಡೆ ಗೋಡೆ ಇರೋ ಒಳಂಗಳ ಅಂತೂ ಬೇಡವೇ ಬೇಡ. ಹೊರಗಿನ ಅಂಗಳ, ಒಂದೆರಡು ಕಡೆಯಾದ್ರೂ ಗಾಳಿಗೆ ತೆರೆದಿರ್ಬೇಕು.

ತಲೆ ಎತ್ತಿನೂ ನೋಡಿ. ಅಡಿಕೆ ಒಣಗ್ಸೋ ಅಟ್ಟ, ಸೋಗೆ ಚಪ್ಪರ, ತಾಡಪತ್ರಿ, ಶೇಡ್ ನೆಟ್ ಯಾವುದರ ಕೆಳಗೂ ಹಚ್ಚೋ ಹಾಗಿಲ್ಲ, ಮೇಲೆ ಆಕಾಶವೇ ಇರ್ಬೇಕು ಅನ್ನೋದು ನನ್ನ ಲೆಕ್ಕ. ಸುತ್ತ ಮೂರ್ನಾಲ್ಕು ಅಡಿ ಖಾಲಿ ಬಿಡಿ, ಫೆಬ್ರವರಿ ಮೇಲೆ ಒಣ ದರಕು ಹಾರಿ ಬರ್ತದೆ, ದಿನಾ ಗುಡಿಸ್ಬೇಕು.

ಈಗ ಸೈಜು. ಬಾಕ್ಸ್ ಮೇಲೆ ಬಿಟಿಯು ಅಂತ ಬರೆದಿರ್ತದೆ, ಅದು ಶಾಖದ ಅಳತೆ, ಗಂಟೆಗೆ ಇಷ್ಟು ಅಂತ, ಸಾಮಾನ್ಯ 40,000ದಿಂದ 60,000. ಒಂದು ಕೆಜಿ ಗ್ಯಾಸಲ್ಲಿ ಸುಮಾರು 45,000 ಬಿಟಿಯು ಇದೆ ಅಂತ ಇಟ್ಕಂಡ್ರೆ, 50,000ದ ಟೇಬಲ್ ಫುಲ್ಲಾಗಿ ಉರಿಸಿದ್ರೆ ಗಂಟೆಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಹೋಗ್ತದೆ. ಅಂದ್ರೆ ಅಡುಗೆ ಮನೇಲಿ ತಿಂಗಳುಗಟ್ಲೆ ಬರೋ 14.2 ಕೆಜಿ ಸಿಲಿಂಡರು ಇಲ್ಲಿ ಹದಿಮೂರು ಗಂಟೆಗೆ ಖಾಲಿ. ನಮ್ಮ ಆಯಿಗೆ ಈ ಲೆಕ್ಕ ನಾನಿನ್ನೂ ಹೇಳಿಲ್ಲ. ಇನ್ನೊಂದು ಸಂಗತಿ, ಅಷ್ಟು ಜೋರಾಗಿ ಗ್ಯಾಸ್ ಎಳೆದ್ರೆ ಸಿಲಿಂಡರ್ ತಣ್ಣಗಾಗಿ ಮೈಯೆಲ್ಲ ಬೆವರ್ತದೆ, ಆಮೇಲೆ ಉರಿ ತಾನಾಗೇ ಕುಗ್ತದೆ. ಆವಾಗ ಸಿಲಿಂಡರ್ ಮಲಗ್ಸೋದು, ಬಿಸಿನೀರು ಹೊಯ್ಯೋದು ಎಲ್ಲ ಮಾಡ್ಬೇಡಿ, ಉರಿ ಸಣ್ಣ ಮಾಡಿ ಸಾಕು. ಮನೆಗೆ 30,000-40,000ದ್ದು ಧಾರಾಳ ಆಯ್ತು. ಹೋಮ್‌ಸ್ಟೇಯವ್ರು ಮನೆ ಸಿಲಿಂಡರ್ ಹಚ್ಚೋ ಹಾಗೇ ಇಲ್ಲ, 19 ಕೆಜಿಯಂಥ ಕಮರ್ಷಿಯಲ್ ಸಿಲಿಂಡರೇ ತಗಳ್ಬೇಕು, ರೂಲ್ ಇದೆ.

ಅಮೆರಿಕದ ಲೆಕ್ಕದಲ್ಲಿ ಮಾಡಿದ ಟೇಬಲ್ ಆದ್ರೆ ಅದರ ಕನೆಕ್ಟರ್ ನಮ್ಮ ಸಿಲಿಂಡರಿಗೆ ಕೂರೋದಿಲ್ಲ, ಮತ್ತೆ ಅದು ಪ್ರೊಪೇನಿಗೆ ಅಂತ ಮಾಡಿದ್ದು, ನಮ್ಮ ಎಲ್‌ಪಿಜಿಲಿ ಬ್ಯೂಟೇನೂ ಸೇರಿರ್ತದೆ, ಹಾಗಾಗಿ ಮಸಿ ಕಟ್ಟೋದು ಜಾಸ್ತಿ. ಭಾರತದ ಗ್ಯಾಸಿಗೆ ಸರಿಯಾದ ಜೆಟ್, ಅಂದ್ರೆ ಗ್ಯಾಸ್ ಹೊರಬರೋ ಸಣ್ಣ ತೂತಿನ ತುಂಡು, ಹಾಕಿದ್ದೀರಾ ಅಂತ ಅಂಗಡೀಲಿ ಬಾಯಿಬಿಟ್ಟು ಕೇಳಿ, ಹಾಂ ಹೂಂ ಅಂತ ರಾಗ ಎಳೆದ್ರೆ ಎದ್ದು ಬನ್ನಿ. ರೆಗ್ಯುಲೇಟರ್, ಐಎಸ್‌ಐ ಮಾರ್ಕಿನ ಪೈಪ್ ಎರಡನ್ನೂ ಗ್ಯಾಸ್ ಏಜೆನ್ಸಿ ಮೆಕ್ಯಾನಿಕ್ ಹತ್ರಾನೇ ಹಾಕ್ಸಿ.

ಕಾರವಾರ, ಕುಮಟಾ, ಭಟ್ಕಳ ಅಂತ ಸಮುದ್ರದ ಬದಿಗೆ ಇದ್ರೆ ಸ್ಟೀಲ್ ಯಾವ ಗ್ರೇಡು ಅಂತ ಕೇಳಿ. 304 ಸ್ಟೇನ್‌ಲೆಸ್ ಶಿರಸಿಗೆ ಸಾಕು, ಉಪ್ಪು ಗಾಳಿಗೆ 316 ಬೇಕು, ಅದರಲ್ಲಿ ಮಾಲಿಬ್ಡಿನಮ್ ಇರೋದ್ರಿಂದ ತಡ್ಕಳ್ತದೆ. ಭಾವನ ಟೇಬಲ್ಲು ಬರೀ ಪೇಂಟ್ ಹೊಡೆದ ಕಬ್ಬಿಣ, ಒಂದೇ ಮಳೆಗಾಲಕ್ಕೆ ಕಾಲಿನ ಬುಡದಿಂದ ಚಕ್ಕೆ ಚಕ್ಕೆ ಏಳೋಕೆ ಶುರುವಾಯ್ತು. ಸಂಜೆ ಕಡಲ ಗಾಳಿಗೆ ಉರಿ ಒಂದೇ ಕಡೆ ವಾಲ್ತದೆ, ಅಲ್ಲಿ ಸುತ್ತ ಗ್ಲಾಸ್ ಗಾರ್ಡ್ ಇರೋದೇ ಒಳ್ಳೇದು.

ಕಲ್ಲಿನ ಕಥೆ ಕೇಳಿ. ಬರ್ನರ್ ಮೇಲೆ ಹರಡೋಕೆ ಅಂತ ಟೇಬಲ್ ಜೊತೆ ಬಂದ ಲಾವಾ ಕಲ್ಲು ಚಂದ ಇಲ್ಲ ಅಂತ ಭಾವ ಕಾಳಿ ನದಿ ದಂಡೆಯಿಂದ ನುಣ್ಣಗಿನ ಉರುಟು ಕಲ್ಲು ಆರ್ಸಿ ತಂದು ತುಂಬಿದ್ರು. ಹಚ್ಚಿ ಹತ್ತು ನಿಮಿಷ ಆಗಿಲ್ಲ, ಟಪ್ ಅಂತು, ಬಟಾಣಿ ಗಾತ್ರದ ಚೂರೊಂದು ನನ್ನ ಚಹಾ ಲೋಟಕ್ಕೇ ಬಂದು ಬಿತ್ತು. ಹೊಳೆಕಲ್ಲಿನ ಒಳಗೆ ಸೇರಿದ ನೀರು ಆವಿಯಾಗಿ ಕಲ್ಲನ್ನೇ ಸೀಳ್ತದೆ. ಚಿರೆಕಲ್ಲಿನ ಚೂರೂ ಬೇಡ, ಅದೂ ನೀರು ಕುಡಿಯೋ ಕಲ್ಲೇ. ಲಾವಾ ಕಲ್ಲು ಅಥವಾ ಫೈರ್ ಗ್ಲಾಸ್ (ಬೆಂಕಿಗೆ ಅಂತಲೇ ಮಾಡಿದ ಗಾಜಿನ ಚೂರು), ಅದೂ ಬರ್ನರಿನ ಸಂದಿ ಪೂರ್ತಿ ಮುಚ್ಚದ ಹಾಗೆ.

ಹಚ್ಚೋದು ಹೀಗೆ. ಮೇಲಿನ ಮುಚ್ಚಳ ತೆಗೆದು, ಸಿಲಿಂಡರ್ ಆನ್ ಮಾಡಿ, ಪ್ರತೀ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳ್ತದಾ ನೋಡಿ, ಸಿಲಿಂಡರ್ ಬದಲಿಸಿದಾಗೆಲ್ಲ ಇದು ಕಡ್ಡಾಯ. ಆಮೇಲೆ ಮುಖ ಟೇಬಲ್ ಮೇಲೆ ಬಗ್ಗಿಸದೆ ನಾಬ್ ಒತ್ತಿ ತಿರುಗ್ಸಿ ಕಿಡಿ ಕೊಡಿ, ಹತ್ತಿದ ಮೇಲೂ ಒಂದು ಅರ್ಧ ನಿಮಿಷ ಒತ್ತೇ ಹಿಡ್ಕಳಿ, ಉರಿ ಇದೆಯಾ ಅಂತ ಕಾಯೋ ಒಳಗಿನ ಥರ್ಮೋಕಪಲ್ ಬಿಸಿ ಆಗೋವರೆಗೆ. ಬೇಗ ಬಿಟ್ರೆ ಆರ್ತದೆ, ಜನ ಪೀಸೇ ಹಾಳು ಅಂತ ವಾಪಸ್ ಕಳಿಸ್ತಾರೆ. ಹತ್ತಲಿಲ್ಲ ಅಂದ್ರೆ ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ. ಉರಿ ಹಳದಿ ಇದ್ರೆ ಹೆದರ್ಬೇಡಿ, ಅಡುಗೆ ಒಲೆ ಹಾಗೆ ನೀಲಿ ಇರ್ಬೇಕು ಅಂತಿಲ್ಲ, ಕಲ್ಲೆಲ್ಲ ಕಪ್ಪಗಾದ್ರೆ ಮಾತ್ರ ಗಾಳಿ ಸಾಲ್ತಿಲ್ಲ ಅಂತ ಅರ್ಥ. ವಾಸನೆ ಬಂತೋ, ಸಿಲಿಂಡರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಆರಿಸುವಾಗ ಮೊದ್ಲು ಸಿಲಿಂಡರ್, ಪೈಪಲ್ಲಿ ಉಳಿದಿದ್ದು ಉರಿದು ಹೋಗ್ಲಿ, ಆಮೇಲೆ ನಾಬ್. ನೀರು ಸುರೀಬೇಡಿ.

ಅದರ ಮೇಲೆ ಬಂಗಡೆ ಸುಡ್ತೇನೆ ಅಂತ ಹೋಗ್ಬೇಡಿ, ಎಣ್ಣೆ ತೊಟ್ಟಿಕ್ಕಿ ಬರ್ನರ್ ಕಟ್ತದೆ. ಹಲಸಿನ ಹಪ್ಪಳ ಕೋಲಿಗೆ ಸಿಕ್ಕಿಸಿ ಒಮ್ಮೆ ನೋಡಿದ್ವಿ, ಒಂದು ಬದಿ ಕರಿ, ಒಂದು ಬದಿ ಹಸಿ. ಶೆಕೆನೂ ಹೆಚ್ಚು ಮೇಲಕ್ಕೇ ಹೋಗ್ತದೆ, ಮೂರ್ನಾಲ್ಕು ಅಡಿ ಆಚೆ ಕೂತವ್ರಿಗೆ ಬೆಳಕು ಅಷ್ಟೇ.

ಮೇ ಕೊನೆಗೆ ಸಿಲಿಂಡರ್ ಬಿಚ್ಚಿ ಕಲ್ಲು ತೆಗೆದು ಟೇಬಲ್ಲನ್ನ ಕೊಟ್ಟಿಗೆ ಮಾಡಿನ ಕೆಳಗೆ ಸೇರ್ಸಿಬಿಡಿ, ನಮ್ಮ ಮಳೆಗೆ ಯಾವ ಕವರ್ರೂ ನಿಲ್ಲೋದಿಲ್ಲ. ದೀಪಾವಳಿ ಆದ್ಮೇಲೆ ಹೊರಗೆ ತಂದಾಗ ಸೀದಾ ಹಚ್ಚಬೇಡಿ. ನಾನು ಹಚ್ಚಿದ್ದೆ, ಉರಿ ಮೇಲೆ ಬರೋ ಬದ್ಲು ಕೆಳಗೆ ನಾಬ್ ಹತ್ರ ಬಂತು. ಆಫ್ ಮಾಡಿ, ತಣಿದ ಮೇಲೆ ಬರ್ನರ್ ಪೈಪ್ ಬಿಚ್ಚಿ ಕುಟ್ಟಿದ್ರೆ ಮಣ್ಣಿನ ಗುಳಿಗೆ ಒಂದು ಉದುರ್ತು, ಒಡೆದು ನೋಡಿದ್ರೆ ಒಳಗೆ ಏಳೆಂಟು ಜೇಡ, ಕಣಜ ತನ್ನ ಮರಿಗೆ ಅಂತ ತುಂಬಿಟ್ಟಿದ್ದು. ಈಗ ಒಳಗಿಡುವಾಗ್ಲೇ ಪೈಪಿನ ಬಾಯಿಗೆ ಹಳೇ ಪಂಚೆ ತುಂಡು ಕಟ್ಟಿಡ್ತೇನೆ, ಹಚ್ಚೋ ಮೊದ್ಲು ಬಿಚ್ಚೋಕೆ ನೆನಪಿರ್ಲಿ ಅಂತ ಕೆಂಪು ದಾರದಲ್ಲಿ.